ಒಬ್ಬರ ಕೈ ಎರಡೇ ನಿಮಿಷಕ್ಕೆ ಸೋಲುತ್ತದೆ

ಕೊಡಗಿನ ಸುಂಟಿಕೊಪ್ಪದ ಹತ್ತಿರದ ತೋಟದಿಂದ ನೀವು ಬರೆದ ಪತ್ರ ತಲುಪಿತು. ನಿಮ್ಮೂರಿನ ಸಂಘದವರು ಒಂದು ದಿನದ ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಬಾಯಿಂದ ಉಸಿರು ಊದುವುದು) ತರಬೇತಿ ಇಟ್ಟುಕೊಂಡಿದ್ದಾರೆ. 60 ಜನ, ಒಬ್ಬ ತರಬೇತುದಾರ, ಒತ್ತಿ ಕಲಿಯಲು ಒಂದು ಬೊಂಬೆ. ‘ಮನೆಯಿಂದ ನಾನೊಬ್ಬಳು ಹೋಗಿ ಕಲಿತು ಬಂದರೆ ಸಾಕಲ್ಲವೇ? ಆಂಬುಲೆನ್ಸ್ ನಮ್ಮ ತೋಟಕ್ಕೆ ಬರಲು ಮುಕ್ಕಾಲು ಗಂಟೆ ಬೇಕು, ಅಷ್ಟು ಹೊತ್ತು ಎದೆ ಒತ್ತಿ ಪ್ರಯೋಜನವೇನು? ಬಾಯಿಗೆ ಬಾಯಿಟ್ಟು ಊದಲೇಬೇಕೇ? ಏನಾದರೂ ಹೆಚ್ಚುಕಡಿಮೆಯಾದರೆ ಕೇಸು ನಮ್ಮ ತಲೆಗೆ ಬರುವುದಿಲ್ಲವೇ?’ ಎಂದು ಕೇಳಿದ್ದೀರಿ.

ಮೊದಲ ಪ್ರಶ್ನೆಗೇ ನಮ್ಮ ಉತ್ತರ: ಸಾಲದು. ಸರಿಯಾಗಿ ಎದೆ ಒತ್ತುವವರ ಕೈ ಎರಡು ನಿಮಿಷಕ್ಕೆ ಸೋಲುತ್ತದೆ. ಒತ್ತುವವರಿಗೆ ಆಯಾಸ ಗೊತ್ತಾಗುವ ಮೊದಲೇ ಒತ್ತಿನ ಆಳ ಕಡಿಮೆಯಾಗಿರುತ್ತದೆ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕೆಂಬ ನಿಯಮ ಇರುವುದು. ಆಂಬುಲೆನ್ಸ್ ಹತ್ತು ನಿಮಿಷಕ್ಕೆ ಬರುವ ಕಡೆ ಇಬ್ಬರಿದ್ದರೆ ಹೇಗೋ ನಡೆದೀತು. ನಿಮ್ಮಲ್ಲಿ ಮುಕ್ಕಾಲು ಗಂಟೆ ಎಂದರೆ ಕನಿಷ್ಠ ನಾಲ್ಕು ಜನರಾದರೂ ಸರದಿಯಲ್ಲಿ ಒತ್ತಬೇಕು. ಮನೆಯಿಂದ ನೀವು, ಜೊತೆಗೆ ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ಜೀಪು ಓಡಿಸುವವರು, ಕಾರ್ಮಿಕರ ಲೈನ್ ಮನೆಯಿಂದ ಇಬ್ಬರು, ಹೀಗೆ ತೋಟಕ್ಕೆ ಆರು ಜನ ಕಲಿಯಲಿ. ಅಸ್ಸಾಂ ಕಡೆಯಿಂದ ಬಂದು ನಿಮ್ಮಲ್ಲಿ ದುಡಿಯುವವರನ್ನು ಭಾಷೆ ಬರುವುದಿಲ್ಲವೆಂದು ಬಿಡಬೇಡಿ. ಎದೆ ಒತ್ತುವುದನ್ನು ಕೈಹಿಡಿದೇ ಕಲಿಸಬಹುದು, ಮಾತು ಬೇಕಾಗುವುದು ಕಡಿಮೆ.

ಇನ್ನು ಒಂದೇ ಬೊಂಬೆಯ ವಿಷಯ. 60 ಜನಕ್ಕೆ ತಲಾ ಎರಡು ನಿಮಿಷ ಎಂದರೂ ಎರಡು ಗಂಟೆ ಬೊಂಬೆಗೇ ಹೋಯಿತು. ನಿಜದಲ್ಲಿ ಎಂಟು ಹತ್ತು ಜನ ಒತ್ತುತ್ತಾರೆ, ಮಿಕ್ಕವರು ಫೋಟೊ ತೆಗೆಯುತ್ತಾರೆ. ಪರದೆ ಮೇಲೆ ಚಿತ್ರ ನೋಡಿ ಸಿಪಿಆರ್ ಬರುವುದಿಲ್ಲ, ಅದು ಈಜಿನ ಹಾಗೆ. ಸಂಘದವರಿಗೆ ಖಂಡಿತವಾಗಿ ಹೇಳಿ: ಒಂದು ಬೊಂಬೆಗೆ ಮೂವರಿಗಿಂತ ಹೆಚ್ಚು ಬೇಡ, ಒಬ್ಬ ತರಬೇತುದಾರರಿಗೆ ಎಂಟು ಜನ ಸಾಕು. ಅಷ್ಟು ಬೊಂಬೆ ಸಿಗದಿದ್ದರೆ ತರಬೇತಿಯನ್ನು ನಾಲ್ಕು ದಿನ ಇಟ್ಟುಕೊಳ್ಳಲಿ. ಒತ್ತು ಸರಿಯಾದ ಆಳಕ್ಕೆ ಹೋದಾಗ ‘ಟಕ್’ ಎನ್ನುವ ಬೊಂಬೆಗಳಿವೆ, ಅಂಥದ್ದನ್ನೇ ಕೇಳಿ. ಆ ಸದ್ದಿಲ್ಲದೆ ಕಲಿತ ಬಹಳ ಮಂದಿ ಮೂರು ಸೆಂ.ಮೀ.ಗೇ ನಿಲ್ಲಿಸಿ, ಸಾಕಷ್ಟು ಒತ್ತಿದೆವು ಎಂದುಕೊಳ್ಳುತ್ತಾರೆ.

ಬೇಕಾದ ಆಳ ದೊಡ್ಡವರಿಗೆ 5ರಿಂದ 6 ಸೆಂ.ಮೀ. ವೇಗ ನಿಮಿಷಕ್ಕೆ 100ರಿಂದ 120. ಬಿದ್ದವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಮಂಚದ ಮೇಲೆ ಒತ್ತಿದರೆ ತಗ್ಗುವುದು ಹಾಸಿಗೆ, ಎದೆಯಲ್ಲ. ಪಕ್ಕದಲ್ಲಿ ಎದೆಗೆ ತಾಗುವಷ್ಟು ಹತ್ತಿರ ಮಂಡಿಯೂರಿ. ಅಂಗೈಯ ಬುಡವನ್ನು, ಬೆರಳುಗಳನ್ನಲ್ಲ, ಎದೆಯ ನಡುವಿನ ಎಲುಬಿನ ಕೆಳ ಅರ್ಧಭಾಗದ ಮೇಲೆ ಇಡಿ. ಇನ್ನೊಂದು ಕೈ ಅದರ ಮೇಲೆ, ಬೆರಳು ಹೆಣೆದು ಮೇಲಕ್ಕೆತ್ತಿರಲಿ, ಪಕ್ಕೆಲುಬಿಗೆ ತಾಗದಿರಲಿ. ಮೊಣಕೈ ಮಡಚಬಾರದು. ಭುಜ ಕೈಯ ನೇರಕ್ಕೆ ಬಂದು, ಸೊಂಟದಿಂದ ಮೈಭಾರ ಇಳಿಯಬೇಕು. ತೋಳಿನ ಬಲದಲ್ಲೇ ಒತ್ತುವವರು ಒಂದು ನಿಮಿಷವೂ ಬಾಳುವುದಿಲ್ಲ.

ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಆಗಲೇ ಹೃದಯಕ್ಕೆ ರಕ್ತ ತುಂಬುವುದು. ದಣಿದವರು ಕೈಯನ್ನು ಎದೆಗೇ ಊರಿಕೊಂಡು ಅರ್ಧಂಬರ್ಧ ಏಳುತ್ತಾರೆ. ಪಕ್ಕದಲ್ಲಿ ನಿಂತವರು ಕಣ್ಣಿಡಬೇಕಾದ ತಪ್ಪು ಇದೇ.

ಎಣಿಕೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಮೂವತ್ತರವರೆಗೆ ಎಣಿಸುತ್ತ ಹೋದರೆ ‘ಇಪ್ಪತ್ತೊಂದು, ಇಪ್ಪತ್ತೆರಡು’ ಎನ್ನುವ ಹೊತ್ತಿಗೆ ಬಾಯಿ ಎಳೆಯುತ್ತದೆ, ಬಾಯಿಯ ಹಿಂದೆ ಕೈಯೂ ನಿಧಾನವಾಗುತ್ತದೆ. ಒಂದರಿಂದ ಹತ್ತರವರೆಗೆ ಮೂರು ಸಲ ಎಣಿಸಿ. ಮೂವತ್ತು ಒತ್ತು 15ರಿಂದ 18 ಸೆಕೆಂಡಿನೊಳಗೆ ಮುಗಿಯಬೇಕು. ಹೊರಗಿನ ತರಬೇತುದಾರರು ಇದನ್ನು ಹೇಳಿಕೊಡದಿರಬಹುದು, ನೀವೇ ಅಭ್ಯಾಸ ಮಾಡಿಸಿ.

ಒತ್ತಲು ಶುರುಮಾಡುವುದು ಯಾವಾಗ? ಭುಜ ತಟ್ಟಿ ಜೋರಾಗಿ ಕರೆದರೂ ಓಗೊಡುವುದಿಲ್ಲ, ಉಸಿರಾಟ ಸರಿಯಾಗಿಲ್ಲ ಎಂದಾದ ಕೂಡಲೇ. ಉಸಿರು ನೋಡಲು ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ಅನೇಕರು ಎಡವುವುದು ಇಲ್ಲೇ: ಹೃದಯ ನಿಂತವರು ಕೆಲವು ನಿಮಿಷ, ದಡಕ್ಕೆ ಬಿದ್ದ ಮೀನಿನಂತೆ, ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕೆಯಂಥ ಸದ್ದು ಮಾಡುತ್ತಾರೆ. ‘ಉಸಿರಿದೆ, ಸ್ವಲ್ಪ ನೀರು ಚಿಮುಕಿಸಿ’ ಎನ್ನುತ್ತ ಸುತ್ತ ನಿಂತವರು ಕಾಯುತ್ತಾರೆ. ಅದು ಉಸಿರಾಟವಲ್ಲ. ಆ ಸದ್ದು ಕೇಳಿದಾಗಲೇ ಒತ್ತಬೇಕು. ಒತ್ತುವಾಗ ಪಕ್ಕೆಲುಬು ಮುರಿದ ಸದ್ದು ಬಂದರೂ ನಿಲ್ಲಿಸಬೇಡಿ, ಕೈ ಎದೆಯ ನಡುವೆಯೇ ಇದೆಯೇ ನೋಡಿಕೊಂಡು ಮುಂದುವರಿಸಿ.

ಬಾಯಿಗೆ ಬಾಯಿಟ್ಟು ಊದುವ ಪ್ರಶ್ನೆ. ದೊಡ್ಡವರು ನಿಂತಲ್ಲೇ ಕುಸಿದರೆ, ಊದಲು ಮನಸ್ಸಿಲ್ಲದಿದ್ದರೆ ಅಥವಾ ಕಲಿತಿಲ್ಲದಿದ್ದರೆ, ಬರೀ ಎದೆ ಒತ್ತಿದರೂ ಸರಿ. ಆದರೆ ಕೊಡಗಿನ ತೋಟದಲ್ಲಿ ಉಸಿರು ನಿಲ್ಲಿಸುವ ಕಾರಣಗಳು ಬೇರೆಯೂ ಇವೆ. ಕೆರೆಯಲ್ಲಿ ಮುಳುಗಿದ ಮಗು, ಅನ್ನ ಗಂಟಲಿಗೆ ಸಿಕ್ಕಿಕೊಂಡವರು, ಕಟ್ಟುಹಾವು ಕಚ್ಚಿ ಉಸಿರಿನ ಸ್ನಾಯು ಸೋತವರು. ಇವರಿಗೆ ಕೊರತೆಯಾಗಿರುವುದೇ ಗಾಳಿ. ಆದ್ದರಿಂದ ನೀವು ಊದುವುದನ್ನೂ ಕಲಿಯಲೇಬೇಕೆಂಬುದು ನಮ್ಮ ಅಭಿಪ್ರಾಯ. ಹಣೆ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಎದೆ ಏರುವುದು ಕಾಣುವಷ್ಟು ಮಾತ್ರ ಒಂದು ಸೆಕೆಂಡು ಊದಿ. 30 ಒತ್ತಿಗೆ ಎರಡು ಊದು. ಬಲವಾಗಿ ಊದಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ. ಮುಳುಗಿದವರಿಗೆ ಮೊದಲು ಊದಿ, ಆಮೇಲೆ ಒತ್ತಿ. ಹೊಟ್ಟೆ ಅಮುಕಿ ನೀರು ತೆಗೆಯುವುದು, ಹೆಗಲಿಗೆ ಹಾಕಿ ತಲೆಕೆಳಗು ಮಾಡಿ ತಿರುಗಿಸುವುದು ಖಂಡಿತ ಬೇಡ. ಅಷ್ಟರಲ್ಲಿ ಹೋಗುವ ನಿಮಿಷಗಳು ಮರಳಿ ಸಿಗುವುದಿಲ್ಲ.

ಮುಕ್ಕಾಲು ಗಂಟೆಯ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಎದೆ ಒತ್ತುವುದರಿಂದ ಮಿದುಳಿಗೆ ಸಿಗುವುದು ಮಾಮೂಲಿ ರಕ್ತದ ಕಾಲುಭಾಗವೋ ಮೂರರಲ್ಲೊಂದು ಪಾಲೋ ಅಷ್ಟೆ. ಹೃದಯಾಘಾತದಿಂದ ಲಯ ತಪ್ಪಿದ ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಎಇಡಿ ಯಂತ್ರ ಬೇಕು, ಅದು ತಡವಾದಷ್ಟೂ ಉಳಿಯುವ ಸಾಧ್ಯತೆ ಇಳಿಯುತ್ತದೆ. ಹಾಗಾಗಿ ಎದೆನೋವು ಬಂದ ಗಳಿಗೆಯಲ್ಲೇ ಎಚ್ಚರವಾಗುವುದು ನಿಮ್ಮಂಥ ಕಡೆ ಹೆಚ್ಚು ಜೀವ ಉಳಿಸುತ್ತದೆ. ಎದೆ ಬಿಗಿತ, ಎಡಗೈಗೋ ದವಡೆಗೋ ಹರಡುವ ನೋವು, ಬೆವರು ಕಂಡರೆ ‘ಗ್ಯಾಸ್’ ಎಂದು ಬೆಳಗಿನವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿ.ಗ್ರಾಂ ಆಸ್ಪಿರಿನ್ ಅಗಿದು ನುಂಗಿಸಿ.

ಆದರೆ ನೀರು, ಕರೆಂಟು, ಹಾವು, ಉಸಿರುಗಟ್ಟುವಿಕೆ, ಇವುಗಳಲ್ಲಿ ಹೃದಯ ಮೊದಲೇ ಹಾಳಾಗಿರುವುದಿಲ್ಲ. ಕೆಲವೇ ನಿಮಿಷದ ಊದು, ಒತ್ತಿನಿಂದ ಎದ್ದು ಕೂತವರಿದ್ದಾರೆ. ಇಲ್ಲಿ ಆಂಬುಲೆನ್ಸ್ ತಡವಾಗುವುದೇ ಕಲಿಯಲು ಕಾರಣ.

ಮೆಣಸು ಕೊಯ್ಯುವ ಕಾಲದ ಅಲ್ಯೂಮಿನಿಯಂ ಏಣಿಯ ವಿಷಯವನ್ನು ತರಬೇತಿಯಲ್ಲಿ ಬೇರೆಯಾಗಿಯೇ ಎತ್ತಬೇಕು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರದಿಂದ ಮರಕ್ಕೆ ಏಣಿ ಸಾಗಿಸುವಾಗ ಮೇಲಿನ ಕರೆಂಟು ತಂತಿಗೆ ತಾಗುತ್ತದೆ. ಬಿದ್ದವರನ್ನು ಎಳೆಯಲು ಓಡಿದ ಎರಡನೆಯವರೂ ಬೀಳುತ್ತಾರೆ. ಮನೆಯೊಳಗಿನ ಕರೆಂಟಾದರೆ ಮೇನ್ ಸ್ವಿಚ್ ಆರಿಸಿ ಮುಟ್ಟಬಹುದು. ತೋಟದ ಮೇಲೆ ಹಾದ 11 ಕೆ.ವಿ. (11 ಸಾವಿರ ವೋಲ್ಟ್) ಲೈನಾದರೆ ಒಣಕೋಲೂ ಕಾಪಾಡುವುದಿಲ್ಲ. ದೂರ ನಿಂತು ವಿದ್ಯುತ್ ಕಂಪನಿ ಸೆಸ್ಕ್‌ನ 1912ಕ್ಕೆ ಕರೆ ಮಾಡಿ, ಲೈನ್ ನಿಲ್ಲಿಸಿದ್ದೇವೆ ಎಂದು ಅವರು ಹೇಳಿದ ಮೇಲೆಯೇ ಹತ್ತಿರ ಹೋಗಬೇಕು. ಇದು ಕಠಿಣ, ಆದರೆ ಎರಡು ಹೆಣದ ಬದಲು ಒಂದು ಜೀವವಾದರೂ ಉಳಿಯಲಿ.

ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಬೇಡ. ಕಚ್ಚಿದ ಕೈಕಾಲನ್ನು ದಬ್ಬೆ ಕಟ್ಟಿ ಅಲುಗಾಡದಂತೆ ಮಾಡಿ, ಉಂಗುರ ಬಳೆ ಬಿಚ್ಚಿ, ನಡೆಸದೆ ಹೊತ್ತು ಆಸ್ಪತ್ರೆಗೆ ಒಯ್ಯಿರಿ. ಕಳೆ ಕೊಚ್ಚುವ ಯಂತ್ರ ತಾಗಿ ರಕ್ತ ಹರಿದರೆ ಕಾಫಿ ಪುಡಿ ತುಂಬಬೇಡಿ. ಶುಭ್ರ ಬಟ್ಟೆ ಮಡಿಸಿಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡಿದರೆ ಹೆಪ್ಪು ಕಿತ್ತು ಮತ್ತೆ ಹರಿಯುತ್ತದೆ.

ನಮ್ಮ ಕಡೆ ಯಾರೇ ಬಿದ್ದರೂ ಮೊದಲು ಜೀಪಿಗೆ ಹಾಕುವುದೇ ರೂಢಿ. ಉಸಿರಾಡುತ್ತಿರುವವರಿಗೆ ಅದು ಸರಿ. ಉಸಿರು ನಿಂತವರನ್ನು ತಿರುವು ದಾರಿಯಲ್ಲಿ ಓಡುವ ಜೀಪಿನ ಹಿಂದೆ ಹಾಕಿ ಒತ್ತಿದರೆ ಒತ್ತು ಎಲ್ಲಿಗೋ ಹೋಗುತ್ತದೆ. ಬಿದ್ದಲ್ಲೇ ಒತ್ತುತ್ತ ಆಂಬುಲೆನ್ಸನ್ನು ಅಲ್ಲಿಗೇ ಕರೆಸಿ. ಅದು ಬರುವುದೇ ಇಲ್ಲವೆಂದು ಖಚಿತವಾದರೆ ಮಾತ್ರ, ಪಿಕಪ್ಪಿನ ಗಟ್ಟಿ ಹಲಗೆಯ ಮೇಲೆ ಮಲಗಿಸಿ, ಸರದಿಗೆ ಇಬ್ಬರು ಮೂವರು ಹತ್ತಿಕೊಂಡು ಹೊರಡಿ.

ಕೇಸಿನ ಭಯ ಬಿಡಿ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಸುಪ್ರೀಂ ಕೋರ್ಟ್ 2016ರಲ್ಲೇ ರಕ್ಷಣೆ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿದ ಮೇಲೆ ಅದು ಕಾನೂನೇ ಆಗಿದೆ. ಹೆಸರು, ವಿಳಾಸ ಹೇಳಲು ನಿಮ್ಮನ್ನು ಬಲವಂತಪಡಿಸುವಂತಿಲ್ಲ. ಮನೆ, ತೋಟದೊಳಗೆ ಒಳ್ಳೆಯ ಉದ್ದೇಶದಿಂದ ಮಾಡಿದ ನೆರವಿಗೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮು ಇದೆ.

ಕಲಿತದ್ದು ಆರು ತಿಂಗಳೊಳಗೆ ಕೈಬಿಟ್ಟು ಹೋಗುತ್ತದೆ. ಮಳೆ ಹಿಂದೆಗೆದ ಮೇಲೆ ಅಕ್ಟೋಬರಿನಲ್ಲಿ ತರಬೇತಿ ಇಡಿಸಿ, ಮೆಣಸು ಕೊಯ್ಲಿಗೆ ಮುಂಚೆ ಜನವರಿ ಕೊನೆಗೆ ಅರ್ಧ ದಿನ ಮತ್ತೆ ಕೈ ಆಡಿಸಿ. ನಡುವೆ ಬಿಗಿಯಾದ ದಿಂಬಿನ ಮೇಲೆ ಎರಡು ನಿಮಿಷ ಒತ್ತಿ ಎಣಿಸಿದರೂ ಆದೀತು. ಈ ವಾರವೇ ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಕಣದ ಗೋಡೆಗೆ ಹಚ್ಚಿ: 108, 1912, ನಿಮ್ಮ ತೋಟಕ್ಕೆ ಮುಖ್ಯರಸ್ತೆಯಿಂದ ತಿರುಗುವ ಜಾಗದ ಗುರುತು, ತೋಟದಲ್ಲಿ ಸಿಗ್ನಲ್ ಸಿಗುವ ಜಾಗ, ಗೇಟಿನ ಬಳಿ ಟಾರ್ಚು ಹಿಡಿದು ನಿಲ್ಲಬೇಕಾದವರ ಹೆಸರು.

– ಸಂಪಾದಕರು