ಎಳೆ ಟಗರು ಇನ್ನೊಂದು ಟಗರಿನ ಮೇಲೆಯೇ ಹತ್ತುತ್ತದೆ, ಇದು ರೋಗವೇ?

ರೋಗವಲ್ಲ. ನಮ್ಮ ಸಾಂಗ್ಲಿ ಜಿಲ್ಲೆಯ ಜತ್ತ ಕಡೆ ಮಡಗ್ಯಾಳ ತಳಿಯ ಟಗರುಮರಿಗಳನ್ನು ಬೇರೆಯಾಗಿಯೇ ಸಾಕುವವರಿದ್ದಾರಲ್ವಾ? ಹಾಗೆ ಗಂಡುಗಳೇ ಒಟ್ಟಿಗೆ ಬೆಳೆದರೆ, ವಯಸ್ಸಿಗೆ ಬರುವ ಹೊತ್ತಿಗೆ ಮುಂದೆ ಸಿಕ್ಕಿದ್ದರ ಮೇಲೆಯೇ ಹತ್ತುತ್ತವೆ. ಬೆದೆಗೆ ಬಂದ ಕುರಿಗಳ ಜೊತೆ ಕೆಲವು ದಿನ ಬಿಟ್ಟು ನೋಡಿ. ಮೊದಲ ದಿನ ಸುಮ್ನೆ ನಿಂತರೆ ಗಾಬರಿ ಬೇಡ, ಎಷ್ಟೋ ಟಗರುಗಳು ನಿಧಾನಕ್ಕೆ ಕಲಿಯುತ್ತವೆ.

ಕೆಲವು ಮಾತ್ರ ಬದಲಾಗುವುದಿಲ್ಲ. ಅಮೆರಿಕದ ಅಧ್ಯಯನಗಳಲ್ಲಿ ನೂರಕ್ಕೆ ಸುಮಾರು 8 ಟಗರುಗಳು, ಹೆಣ್ಣು ಪಕ್ಕದಲ್ಲೇ ಇದ್ದರೂ ಗಂಡನ್ನೇ ಆರಿಸಿಕೊಂಡವು. 2004ರಲ್ಲಿ ಒರೆಗಾನ್ ಸಂಶೋಧಕರು ಇಂಥವುಗಳ ಮೆದುಳು ನೋಡಿದರು. ಹೈಪೊಥಾಲಮಸ್ ಎಂಬ ಮೆದುಳಿನ ಭಾಗದಲ್ಲಿರುವ ಒಂದು ನರಕೋಶಗಳ ಗುಂಪು ಗಾತ್ರದಲ್ಲಿ ಉಳಿದ ಟಗರುಗಳದ್ದರ ಅರ್ಧದಷ್ಟೇ ಇತ್ತಂತೆ! ಹಾಗಾಗಿ ಪಾಪ, ಅದನ್ನು ಬಡಿಯಬೇಡಿ. ಹಿಂಡಿಗೆ ಬೇರೆ ಬೀಜದ ಟಗರು ನೋಡಿಕೊಳ್ಳಿ.