ಕೋವಿ ಮಾತು: ಗುಂಡಿನ ತೂಕ ನೋಡಬೇಡಿ, ಉದ್ದ ನೋಡಿ

ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂತು. ಮನೆ ಮನೆಯಲ್ಲಿ ಕೋವಿ ಒರೆಸಿ, ಎಣ್ಣೆ ಹಚ್ಚಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸುವ ಕಾಲ. ಹಾಗಾಗಿಯೋ ಏನೋ, ಈ ಸಲ ಬಂದ ಕಾಗದಗಳೆಲ್ಲ ನಳಿಗೆ ಮತ್ತು ಗುಂಡಿನ ಬಗ್ಗೆಯೇ ಇವೆ.

ಪ್ರಶ್ನೆ: ನಮಸ್ಕಾರ ಸರ್. ಅಜ್ಜನ ಕಾಲದ .30-06 ರೈಫಲ್ ಇದೆ, ಲೈಸೆನ್ಸ್ ನನ್ನ ಹೆಸರಿಗೆ ಬಂದಿದೆ. ಮೊದಲಿಂದ 180 ಗ್ರೇನ್ (ಗುಂಡು ತೂಗುವ ಅಳತೆ) ಗುಂಡು ಬಳಸುತ್ತಿದ್ದೆವು. ಈಗ 150 ಗ್ರೇನ್ ಸಿಕ್ಕಿದೆ. ಗುಂಡಿನ ತೂಕಕ್ಕೂ ನಳಿಗೆಯ ಟ್ವಿಸ್ಟ್‌ಗೂ ತಾಳೆಯಾಗಬೇಕು ಅಂತ ಸ್ನೇಹಿತರು ಹೆದರಿಸಿದ್ದಾರೆ. ನಿಜವೇ? – ಓದುಗರು, ಪೊನ್ನಂಪೇಟೆ

ಉತ್ತರ: ಟ್ವಿಸ್ಟ್ ಅಂದರೆ ನಳಿಗೆಯ ಒಳಗಿನ ಸುರುಳಿ ಗೀರುಗಳ ತಿರುವು, ಗುಂಡನ್ನು ತಿರುಗಿಸುವುದು ಅದೇ. ತಾಳೆಯಾಗಬೇಕು, ನಿಜ. ಆದರೆ ನಿಮಗೆ ತೊಂದರೆ ಇಲ್ಲ. 150 ಗ್ರೇನ್ ಧಾರಾಳವಾಗಿ ಬಳಸಿ. ಗುಂಡು ಬೀಳುವ ಜಾಗ ಬದಲಾಗುತ್ತದೆ, ಸೈಟ್ ಮತ್ತೆ ಹೊಂದಿಸಿಕೊಳ್ಳಿ.

ಸ್ನೇಹಿತರ ಮಾತಿನಲ್ಲಿ ಒಂದು ತಿದ್ದುಪಡಿ ಬೇಕು. ನಳಿಗೆ ಕೇಳುವುದು ಗುಂಡಿನ ತೂಕವನ್ನಲ್ಲ, ಉದ್ದವನ್ನು. ಸಾಮಾನ್ಯವಾಗಿ ತೂಕ ಜಾಸ್ತಿಯಾದರೆ ಉದ್ದವೂ ಜಾಸ್ತಿ ಆಗುವುದರಿಂದ ಎಲ್ಲರೂ ತೂಕದ ಲೆಕ್ಕದಲ್ಲೇ ಮಾತಾಡುತ್ತಾರೆ. ಅಲ್ಲೇ ಗೊಂದಲ ಶುರು.

ನಿಮ್ಮ .30-06ರ ಟ್ವಿಸ್ಟ್ ಸಾಮಾನ್ಯವಾಗಿ 1:10. ಅಂದರೆ ಗುಂಡು 10 ಇಂಚು ಮುಂದೆ ಹೋಗುವಷ್ಟರಲ್ಲಿ ಒಂದು ಸುತ್ತು ತಿರುಗುತ್ತದೆ. ಈ ಇಂಚು ಕಡಿಮೆಯಾದಷ್ಟೂ ತಿರುಗು ಜೋರು. ಸೆಕೆಂಡಿಗೆ 2,700 ಅಡಿ ವೇಗದಲ್ಲಿ ಹೊರಬಿದ್ದರೆ ಅದು ಸೆಕೆಂಡಿಗೆ 3,240 ಸುತ್ತು! ಇಷ್ಟು ತಿರುಗಲೇಬೇಕು, ಯಾಕೆಂದರೆ ಚೂಪು ಮೂತಿಯ ಗುಂಡಿನ ಭಾರವೆಲ್ಲ ಹಿಂದಿರುತ್ತದೆ, ಗಾಳಿ ಒತ್ತುವುದು ಮುಂದೆ. ಸುಮ್ನೆ ಬಿಟ್ಟರೆ ಗಾಳಿ ಅದನ್ನು ಮಗುಚಿ ಹಾಕುತ್ತದೆ. ಬುಗುರಿ ಎತ್ತರವಾಗಿ ಸಣ್ಣಗಿದ್ದಷ್ಟೂ ಜೋರಾಗಿ ತಿರುಗಿಸಬೇಕು ಅಲ್ವಾ, ಇಲ್ಲೂ ಹಾಗೆಯೇ. ಉದ್ದನೆಯ ಗುಂಡಿಗೆ ಜೋರು ತಿರುಗು ಬೇಕು.

ಇದಕ್ಕೆ 1879ರಲ್ಲೇ ಇಂಗ್ಲೆಂಡಿನ ಗಣಿತ ಪ್ರಾಧ್ಯಾಪಕ ಗ್ರೀನ್‌ಹಿಲ್ ಒಂದು ಸೂತ್ರ ಕೊಟ್ಟರು. ಗುಂಡಿನ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ. ಎಲ್ಲವೂ ಇಂಚಿನಲ್ಲಿ. ಎಷ್ಟು ಇಂಚಿಗೆ ಒಂದು ಸುತ್ತು ಬೇಕು ಅನ್ನುವುದು ಸಿಗುತ್ತದೆ. ವೇಗ ಸೆಕೆಂಡಿಗೆ 2,800 ಅಡಿ ದಾಟಿದರೆ 150ರ ಬದಲು 180 ಹಾಕುತ್ತಾರೆ. ಈಗ ಇದಕ್ಕಿಂತ ಸೂಕ್ಷ್ಮವಾದ ಲೆಕ್ಕಗಳಿವೆ, ಆದರೆ ಕಾಗದ ಪೆನ್ಸಿಲ್ ಹಿಡಿದು ಕೂತವನಿಗೆ ಇದೇ ಸಾಕು.

ನಿಮ್ಮದಕ್ಕೆ ಹಾಕಿ ನೋಡೋಣ. 0.308 ಗುಣಿಸು 0.308 ಗುಣಿಸು 150, ಸುಮಾರು 14.2. ಟ್ವಿಸ್ಟ್ 10 ಇಂಚು. ಅಂದರೆ 1.42 ಇಂಚು ಉದ್ದದವರೆಗಿನ ಗುಂಡನ್ನು ನಿಮ್ಮ ನಳಿಗೆ ನಿಭಾಯಿಸುತ್ತದೆ. ಸೀಸ ತುಂಬಿದ 150, 180 ಎರಡೂ ಅದರೊಳಗೇ ಬರುತ್ತವೆ. ಅಜ್ಜನ ರೈಫಲ್ ಬಗ್ಗೆ ನಿಶ್ಚಿಂತೆಯಿಂದಿರಿ.

ಎಚ್ಚರ ಬೇಕಾಗಿರುವುದು ಪೂರ್ತಿ ತಾಮ್ರದ ಗುಂಡು ಕೊಳ್ಳುವಾಗ. ಸೀಸಕ್ಕಿಂತ ತಾಮ್ರ ಹಗುರ. ಹಾಗಾಗಿ ಅದೇ 180 ಗ್ರೇನ್ ತೂಕಕ್ಕೆ ತಾಮ್ರದ ಗುಂಡು ಉದ್ದ ಬೆಳೆಯುತ್ತದೆ. ಪ್ಲಾಸ್ಟಿಕ್ ಮೂತಿಯೂ ತೂಕವಿಲ್ಲದೆ ಉದ್ದ ಕೂಡಿಸುತ್ತದೆ. ಡಬ್ಬಿಯ ಮೇಲೆ 180 ಅಂತ ಇದ್ದ ಮಾತ್ರಕ್ಕೆ ಎರಡೂ ಒಂದೇ ಅಲ್ಲ.

ಸೇನೆಯಲ್ಲಿ ಆರ್ಮರರ್ (ಕೋವಿ ರಿಪೇರಿಯವನು) ಆಗಿದ್ದವನಿಗೆ ಇದು ಚೆನ್ನಾಗಿ ಗೊತ್ತಾಗುವುದು ಬ್ರಿಟಿಷರ ಕಾಲದ .303 ರೈಫಲ್‌ನಲ್ಲಿ. ಮೊದಲು ಅದರ ಗುಂಡು ಉರುಟು ಮೂತಿಯದ್ದು, 215 ಗ್ರೇನ್. 1910ರಲ್ಲಿ ಚೂಪು ಮೂತಿಯ 174 ಗ್ರೇನ್ ಗುಂಡು ಬಂತು. ಕವಚದ ಒಳಗೆ ಮೂತಿಯ ಕಡೆ ಸೀಸದ ಬದಲು ಅಲ್ಯೂಮಿನಿಯಂ ತುಂಬಿದ್ದರು. ತೂಕ 41 ಗ್ರೇನ್ ಇಳಿಯಿತು, ಉದ್ದ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಟ್ವಿಸ್ಟ್ ಅದೇ 1:10, ಎಡಕ್ಕೆ ತಿರುಗುವಂಥದ್ದು. ಹೊಸ ಗುಂಡಿಗೂ ಅದೇ ನಡೆಯಿತು. ಎಷ್ಟು ಅಚ್ಚುಕಟ್ಟಾದ ಕೆಲಸ ನೋಡಿ.

ಪ್ರಶ್ನೆ: ಮಾವ, ನಮ್ಮೂರ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ .22 ವಿಭಾಗಕ್ಕೆ ಹೆಸರು ಕೊಟ್ಟಿದ್ದೇನೆ. 40 ಗ್ರೇನ್ ಬದಲು 60 ಗ್ರೇನ್ ಗುಂಡು ಬರುತ್ತದೆ, ಪೆಟ್ಟು ಜೋರು ಅಂತ ವಿಡಿಯೋದಲ್ಲಿ ನೋಡಿದೆ. ತರಿಸಲಾ? – ಓದುಗ ಮಗಳು, ನಾಪೋಕ್ಲು

ಉತ್ತರ: ಬೇಡ ಮಗಳೇ. .22 ರೈಫಲ್‌ಗಳ ಟ್ವಿಸ್ಟ್ ಸಾಮಾನ್ಯವಾಗಿ 1:16. ಮೇಲಿನ ಸೂತ್ರಕ್ಕೆ ಹಾಕಿದರೆ ಅದು ಅರ್ಧ ಇಂಚಿಗೆ ಕೊಂಚ ಕಡಿಮೆ ಉದ್ದದ ಗುಂಡಿಗೆ ಸರಿಹೋಗುತ್ತದೆ. 40 ಗ್ರೇನ್ ಗುಂಡಿನ ಉದ್ದ ಹೆಚ್ಚುಕಮ್ಮಿ ಅಷ್ಟೇ. 60 ಗ್ರೇನ್ ಗುಂಡು ಅದೇ ದಪ್ಪ, ಒಂದೂವರೆ ಪಟ್ಟು ಸೀಸ. ಆ ಸೀಸ ಎಲ್ಲಿ ಹೋಗಬೇಕು? ಉದ್ದಕ್ಕೇ ಹೋಗಬೇಕು. ಅದಕ್ಕೆ 10 ಇಂಚಿನ ಆಸುಪಾಸಿನ ಟ್ವಿಸ್ಟ್ ಬೇಕು. ನಿನ್ನ ನಳಿಗೆಯಿಂದ ಹೊರಟರೆ ಮಗುಚುತ್ತಾ ಹೋಗುತ್ತದೆ.

ಕಾಯಿ ತಪ್ಪುವುದು ಸಣ್ಣ ವಿಷಯ. ಮಗುಚುವ ಗುಂಡು ಎತ್ತ ಹೋಗುತ್ತದೆ ಅಂತ ಯಾರೂ ಹೇಳಲಾರರು. ಮೈದಾನದ ಸುತ್ತ ಮಕ್ಕಳು, ಅಜ್ಜಿಯರು ಎಲ್ಲ ನಿಂತಿರುತ್ತಾರೆ. ಅಂಥ ಕಡೆ ಸರಿಯಾಗಿ ಹಾರದ ಗುಂಡನ್ನು ನಳಿಗೆಗೆ ಹಾಕಲೇಬಾರದು, ನನ್ನ ಮಾತು ಇಷ್ಟು ಖಡಾಖಂಡಿತ.

ಯಾವ ಹೊಸ ಗುಂಡೇ ಆಗಲಿ, ಮೊದಲು ರೇಂಜಿನಲ್ಲಿ 25 ಮೀಟರಿಗೆ, ಆಮೇಲೆ 50 ಮೀಟರಿಗೆ ದಪ್ಪ ಕಾಗದ ನಿಲ್ಲಿಸಿ ಹೊಡೆದು ನೋಡು. ತೂತು ಚೊಕ್ಕ ಗುಂಡಗಿದ್ದರೆ ಸರಿ. ಒಂದು ಕಡೆಗೆ ಎಳೆದ ಹಾಗೆ ಉದ್ದವಾಗಿದ್ದರೆ ಗುಂಡು ಅಡ್ಡಡ್ಡ ತಾಗಿದೆ ಅಂತ ಅರ್ಥ. ತೆಂಗಿನಕಾಯಿ ಈ ಸುದ್ದಿ ಹೇಳುವುದಿಲ್ಲ, ಹೇಗೆ ತಾಗಿದರೂ ಒಡೆಯುತ್ತದೆ.

ಪ್ರಶ್ನೆ: ನನ್ನ ರೈಫಲ್ ನಳಿಗೆಯ ಮೇಲೆ ಟ್ವಿಸ್ಟ್ ಏನೂ ಬರೆದಿಲ್ಲ. ಅಳೆಯುವುದು ಹೇಗೆ? – ಓದುಗರು, ಸೋಮವಾರಪೇಟೆ

ಉತ್ತರ: ಮೊದಲು ಬೋಲ್ಟ್ ಹೊರಗೆ ತೆಗೆಯಿರಿ. ಕಾಡತೂಸು ಕೂರುವ ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ. ಕಾಡತೂಸಿನ ಡಬ್ಬಿ ಬೇರೆ ಕೋಣೆಯಲ್ಲಿರಲಿ.

ಹಿಡಿ ಗಟ್ಟಿಯಿದ್ದರೂ ಸರಳು ತಾನಾಗಿ ತಿರುಗುವಂಥ ಕ್ಲೀನಿಂಗ್ ರಾಡ್ ಬೇಕು. ಬೇರಿಂಗ್ ಇರುವುದನ್ನೇ ತೆಗೆದುಕೊಳ್ಳಿ. ಅದರ ತುದಿಗೆ ಎಣ್ಣೆ ಹಚ್ಚಿದ ಚಿಂದಿಯನ್ನು ಬಿಗಿಯಾಗಿ ಸುತ್ತಿ. ಸಡಿಲವಾದರೆ ಚಿಂದಿ ಗೀರುಗಳನ್ನು ಹಿಡಿಯದೆ ನೇರ ಜಾರುತ್ತದೆ, ಅಳತೆ ಸುಳ್ಳಾಗುತ್ತದೆ. ಒಳಗೆ ಸ್ವಲ್ಪ ತಳ್ಳಿ, ಹಿಡಿತ ಸಿಕ್ಕ ಮೇಲೆ ನಿಲ್ಲಿಸಿ. ಈಗ ಹೊರಗಿರುವ ರಾಡಿನ ಮೇಲ್ಬದಿಗೆ, ಹಿಡಿಯ ಹತ್ತಿರ, ಪೆನ್ನಿನಲ್ಲಿ ಒಂದು ಗುರುತು ಹಾಕಿ. ನಿಧಾನಕ್ಕೆ ತಳ್ಳಿ. ಗುರುತು ಬದಿಗೆ ಹೊರಳಿ, ಕೆಳಗೆ ಹೋಗಿ, ಇನ್ನೊಂದು ಬದಿಯಿಂದ ಮತ್ತೆ ಮೇಲೆ ಬರುತ್ತದೆ. ಸರಿಯಾಗಿ ಮೇಲೆ ಬಂದ ಕ್ಷಣ ನಿಲ್ಲಿಸಿ, ಎಷ್ಟು ಇಂಚು ಒಳಗೆ ಹೋಯಿತು ಅಂತ ಅಳೆಯಿರಿ. ಅದೇ ನಿಮ್ಮ ಟ್ವಿಸ್ಟ್. ಎರಡು ಮೂರು ಸಲ ಮಾಡಿ. ನಳಿಗೆ ಚಿಕ್ಕದಾಗಿದ್ದರೆ ಅರ್ಧ ಸುತ್ತು ಅಳೆದು ದುಪ್ಪಟ್ಟು ಮಾಡಿ.

ಪ್ರಶ್ನೆ: ಮಡಿಕೇರಿಯ ಚಳಿ, ಮಂಜು, ಮಳೆಗೆ ಗುಂಡಿನ ಸ್ಥಿರತೆ ಕೆಡುತ್ತದಾ? ಟ್ವಿಸ್ಟ್ ಜಾಸ್ತಿ ಇರುವ ನಳಿಗೆಯೇ ಒಳ್ಳೆಯದಾ? – ಓದುಗರು, ಮಡಿಕೇರಿ

ಉತ್ತರ: ಚಳಿಗೆ ಗಾಳಿ ದಟ್ಟವಾಗುತ್ತದೆ, ದಟ್ಟ ಗಾಳಿ ಗುಂಡನ್ನು ಜಾಸ್ತಿ ಅಲುಗಾಡಿಸುತ್ತದೆ. ಅಮೆರಿಕದವರ ಸೇನಾ ರೈಫಲ್ ಎಂ-16 ಮೊದಲು 1:14 ಟ್ವಿಸ್ಟ್‌ನಲ್ಲಿ ಬಂತು. ಕಡು ಚಳಿಯ ಪರೀಕ್ಷೆಯಲ್ಲಿ 55 ಗ್ರೇನ್ ಗುಂಡು ಸರಿಯಾಗಿ ನಿಲ್ಲಲಿಲ್ಲ, 1:12 ಮಾಡಿದರು. ಆದರೆ ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಎತ್ತರಕ್ಕೆ ಗಾಳಿ ಮಂಗಳೂರಿಗಿಂತ ಹತ್ತನೇ ಒಂದು ಪಾಲು ತೆಳು. ನಮ್ಮ ಚಳಿ ಕಳೆಯುವುದಕ್ಕಿಂತ ಎತ್ತರ ಕೊಡುವುದೇ ಜಾಸ್ತಿ. ತೇವದ ಗಾಳಿ ಭಾರ ಅಂತ ಅನ್ನಿಸಿದರೂ ನಿಜಕ್ಕೂ ಒಣ ಗಾಳಿಗಿಂತ ಒಂಚೂರು ಹಗುರ. ಮಂಜಿನಲ್ಲಿ ತೊಂದರೆ ಗುಂಡಿಗಲ್ಲ, ಕಣ್ಣಿಗೆ. ಗುರಿಯ ಹಿಂದೆ ಏನಿದೆ ಅಂತ ಕಾಣದಿದ್ದರೆ ಹೊಡೆಯಬೇಡಿ.

ಟ್ವಿಸ್ಟ್ ಸ್ವಲ್ಪ ಜಾಸ್ತಿ ಇದ್ದರೆ ನಷ್ಟ ಕಡಿಮೆ, ಕಡಿಮೆ ಇದ್ದರೆ ಆಟವೇ ಮುಗಿಯಿತು. ಅದೇ ಎಂ-16ಕ್ಕೆ 1980ರ ದಶಕದಲ್ಲಿ 1:7 ತಂದರು. ಹೊಸ 62 ಗ್ರೇನ್ ಗುಂಡಿಗೆ 1:9 ಸಾಕಿತ್ತು. ಅದರ ಜೊತೆ ಹೊಡೆಯುವ ಬೆಳಕಿನ ಗುಂಡು, ಅಂದರೆ ಟ್ರೇಸರ್, ತೂಕದಲ್ಲಿ ಸರಿಸುಮಾರು ಅಷ್ಟೇ ಇದ್ದರೂ ತುಂಬ ಉದ್ದವಿತ್ತು. ಅದಕ್ಕಾಗಿಯೇ 1:7. ಆದರೆ ತೆಳು ಕವಚದ ಹಗುರ ಗುಂಡನ್ನು ಅತಿ ವೇಗದಲ್ಲಿ, ಅತಿ ಬಿಗಿ ಟ್ವಿಸ್ಟ್‌ನಲ್ಲಿ ಹೊಡೆದರೆ ಗಾಳಿಯಲ್ಲೇ ಚೂರಾಗುವುದುಂಟು.

ಪ್ರಶ್ನೆ: ನಮ್ಮ 12 ಬೋರ್ ಜೋಡಿ ನಳಿಗೆ ಕೋವಿಗೆ ಈ ಲೆಕ್ಕ ಬರುತ್ತದಾ? – ಓದುಗರು, ವಿರಾಜಪೇಟೆ

ಉತ್ತರ: ಬರುವುದಿಲ್ಲ. ನಳಿಗೆಯ ಒಳಗೆ ಗೀರೇ ಇಲ್ಲ, ನುಣ್ಣಗಿದೆ. ಉರುಟು ಗುಂಡಿಗೆ ಹಿಂದು ಮುಂದು ಇಲ್ಲವಾದ್ದರಿಂದ ಮಗುಚುವ ಪ್ರಶ್ನೆಯೂ ಇಲ್ಲ. ನೀವು ನೋಡಬೇಕಾದದ್ದು ಚೋಕ್, ಅಂದರೆ ನಳಿಗೆಯ ಬಾಯಿಯ ಹತ್ತಿರದ ಕಿರಿದು. ಒಂಟಿ ಗುಂಡು ಹೊಡೆಯುವ ಮೊದಲು ಎರಡು ನಳಿಗೆಯ ಚೋಕ್ ಎಷ್ಟೆಷ್ಟು ಅಂತ ಕೋವಿ ರಿಪೇರಿಯವರಲ್ಲಿ ಅಳೆಸಿ.