ಎಸ್ಸೆಸ್ಸೆಲ್ಸಿಯಿಂದ ನೌಕಾಪಡೆಯ ಹೆಲಿಕಾಪ್ಟರ್‌ವರೆಗೆ

ಪ್ರಶ್ನೆ: ನಾವು ಭತ್ತದ ಬೇಸಾಯ ಮಾಡುವವರು. 2019ರ ನೆರೆಯಲ್ಲಿ ವಿರೂಪಾಪುರ ಗಡ್ಡೆಯಲ್ಲಿ ಸಿಲುಕಿದ್ದವರನ್ನು ಹೆಲಿಕಾಪ್ಟರ್‌ನಲ್ಲಿ ಕರೆತಂದ ಸುದ್ದಿ ಕೇಳಿದಂದಿನಿಂದ ನಮ್ಮ ಮಗಳಿಗೆ ಅದನ್ನು ಹಾರಿಸುವ ಆಸೆ. ಈಗ ನೌಕಾಪಡೆಗೇ ಸೇರಬೇಕೆನ್ನುತ್ತಾಳೆ. ಎಸ್ಸೆಸ್ಸೆಲ್ಸಿ ಮುಗಿದಿದೆ. ಮೊದಲು ಖಾಸಗಿಯಾಗಿ ಪೈಲಟ್ ಲೈಸೆನ್ಸ್ ಪಡೆಯಬೇಕೆಂದು ಕೆಲವರು ಹೇಳುತ್ತಾರೆ. ಅದು ನಿಜವೇ? ಹೆಣ್ಣುಮಕ್ಕಳಿಗೆ ಅವಕಾಶವಿದೆಯೇ?
– ಓರ್ವ ತಂದೆ, ಗಂಗಾವತಿ

ಉತ್ತರ: ಲೈಸೆನ್ಸಿಗಾಗಿ ದಯವಿಟ್ಟು ಸಾಲ ಮಾಡಬೇಡಿ, ಹೊಲ ಅಡವಿಡಬೇಡಿ. ನೌಕಾಪಡೆಗೆ ಆಯ್ಕೆಯಾದವರಿಗೆ ಹಾರಾಟವನ್ನು ಮೊದಲಿನಿಂದ ಕಲಿಸಲಾಗುತ್ತದೆ, ಅದರ ವೆಚ್ಚವನ್ನು ಸರ್ಕಾರವೇ ಭರಿಸುತ್ತದೆ. ಈಗ ನೀವು ಎಚ್ಚರದಿಂದ ತೀರ್ಮಾನಿಸಬೇಕಾದದ್ದು ಪಿಯುಸಿಯ ವಿಷಯಗಳನ್ನು: ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಮೂರೂ ಇರಲೇಬೇಕು. ಕಾಲೇಜು ದೂರವೆಂದೋ ಗಣಿತ ಕಷ್ಟವೆಂದೋ ಬೇರೆ ವಿಭಾಗಕ್ಕೆ ಸೇರಿಸಿದರೆ ಮುಂದಿನ ಬಾಗಿಲುಗಳು ಅಲ್ಲಿಯೇ ಮುಚ್ಚಿಕೊಳ್ಳುತ್ತವೆ.

ಪಿಯುಸಿಯ ನಂತರ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಯುಪಿಎಸ್‌ಸಿ ವರ್ಷಕ್ಕೆ ಎರಡು ಬಾರಿ ನಡೆಸುವ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆ. ಇದಕ್ಕೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಇನ್ನೊಂದು, ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್ ರ್‍ಯಾಂಕಿನ ಆಧಾರದಲ್ಲಿ ಕೇರಳದ ಏಳಿಮಲದಲ್ಲಿರುವ ನೌಕಾ ಅಕಾಡೆಮಿಯ ಬಿ.ಟೆಕ್ ಪ್ರವೇಶ. ಎನ್‌ಡಿಎ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ, ಮಗಳು ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಇಂದಿನಿಂದಲೇ ದಿನವೂ ಇಂಗ್ಲಿಷ್ ಓದುವ, ಮಾತನಾಡುವ ಅಭ್ಯಾಸ ಮಾಡಿಸಿ; ನಮ್ಮ ಭಾಗದ ಜಾಣ ಮಕ್ಕಳು ಹಿಂದೆ ಬೀಳುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಆನಂತರದ್ದು ಎಸ್‌ಎಸ್‌ಬಿ (ಸೇನಾಧಿಕಾರಿಗಳ ಆಯ್ಕೆ ಮಂಡಳಿ) ಸಂದರ್ಶನ. ಐದು ದಿನಗಳ ಈ ಆಯ್ಕೆಯ ಕೇಂದ್ರಗಳಲ್ಲಿ ಬೆಂಗಳೂರೂ ಒಂದು. ಪೈಲಟ್ ಆಗಬಯಸುವವರು ಇದರ ಜೊತೆಗೆ ಹಾರಾಟದ ಸಾಮರ್ಥ್ಯವನ್ನು ಅಳೆಯುವ ಕಂಪ್ಯೂಟರ್ ಆಧಾರಿತ ಪರೀಕ್ಷೆಯಲ್ಲಿಯೂ ಉತ್ತೀರ್ಣರಾಗಬೇಕು. ಅದರಲ್ಲಿ ಒಮ್ಮೆ ಅನುತ್ತೀರ್ಣರಾದರೆ ಜೀವಮಾನದಲ್ಲಿ ಮತ್ತೆ ಅವಕಾಶವಿಲ್ಲ. ಪೈಲಟ್‌ಗೆ ಕನಿಷ್ಠ ಎತ್ತರ 162.5 ಸೆಂ.ಮೀ.; ಕಾಲಿನ ಉದ್ದವನ್ನೂ ಅಳೆಯುತ್ತಾರೆ, ಬಣ್ಣಗುರುಡು ಇರಬಾರದು. ಕಣ್ಣಿನ ತಪಾಸಣೆಯನ್ನು ಈಗಲೇ ಮಾಡಿಸಿಕೊಂಡರೆ ಮುಂದೆ ನಿರಾಶೆ ತಪ್ಪುತ್ತದೆ.

ಹಾರಾಟದ ಮೊದಲ ಪಾಠ ವಿಮಾನದಲ್ಲಿ, ಹೈದರಾಬಾದ್ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಂತಹ ಕೇಂದ್ರಗಳಲ್ಲಿ ನಡೆಯುತ್ತದೆ. ಯಾರು ಹೆಲಿಕಾಪ್ಟರ್ ವಿಭಾಗಕ್ಕೆ ಹೋಗಬೇಕೆಂಬುದು ತರಬೇತಿಯ ಹಂತದಲ್ಲಿ, ಸಾಮರ್ಥ್ಯ ಮತ್ತು ಅಗತ್ಯವನ್ನು ನೋಡಿ ನಿರ್ಧಾರವಾಗುತ್ತದೆಯೇ ಹೊರತು ಅರ್ಜಿಯಲ್ಲಿ ಬರೆದುಕೊಟ್ಟ ಮಾತ್ರಕ್ಕೆ ಸಿಗುವುದಿಲ್ಲ. ಇದನ್ನು ಮಗಳಿಗೆ ಮೊದಲೇ ತಿಳಿಸಿ. ಆಯ್ಕೆಯಾದವರು ತಮಿಳುನಾಡಿನ ಅರಕ್ಕೋಣಂನಲ್ಲಿರುವ ನೌಕಾಪಡೆಯ ವಾಯುನೆಲೆ ಐಎನ್‌ಎಸ್ ರಾಜಾಳಿಯ ಹೆಲಿಕಾಪ್ಟರ್ ತರಬೇತಿ ಶಾಲೆಗೆ ಹೋಗುತ್ತಾರೆ. (ರಾಯಚೂರಿನಿಂದ ಚೆನ್ನೈಗೆ ಹೋಗುವ ಮುಖ್ಯ ರೈಲುಮಾರ್ಗ ಅದೇ ಊರಿನ ಮೂಲಕ ಸಾಗುತ್ತದೆ.) ಅಲ್ಲಿ ಚೇತಕ್ ಹೆಲಿಕಾಪ್ಟರ್‌ನಲ್ಲಿ ಕಲಿತು ತೇರ್ಗಡೆಯಾದವರ ಎದೆಗೆ ಚಿನ್ನದ ಬಣ್ಣದ ರೆಕ್ಕೆಗಳ ಲಾಂಛನ ಏರುತ್ತದೆ. ಅದಾದ ಮೇಲೂ ಧ್ರುವ್, ಸೀ ಕಿಂಗ್, ಕಾಮೊವ್, ಎಂಎಚ್-60ಆರ್ ಮೊದಲಾದವುಗಳಲ್ಲಿ ಯಾವುದನ್ನು ಹಾರಿಸಬೇಕೋ ಅದಕ್ಕೆ ಪ್ರತ್ಯೇಕ ತರಬೇತಿಯಿದೆ. ಅಲೆಯೊಡನೆ ಏಳುತ್ತ ಬೀಳುತ್ತ ಮುಂದೆ ಸಾಗುವ ಹಡಗಿನ ಚಿಕ್ಕ ಡೆಕ್ಕಿನ ಮೇಲೆ, ಕತ್ತಲಲ್ಲಿಯೂ ಇಳಿಸಬೇಕಾಗುವುದರಿಂದ ಈ ಕಲಿಕೆ ಬೇಗ ಮುಗಿಯುವಂಥದ್ದಲ್ಲ.

ಹೆಣ್ಣುಮಕ್ಕಳಿಗೆ ಖಂಡಿತವಾಗಿಯೂ ಅವಕಾಶವಿದೆ. 2022ರಿಂದ ಎನ್‌ಡಿಎಯಲ್ಲಿ ಅವರಿದ್ದಾರೆ. 2024ರ ಜೂನ್‌ನಲ್ಲಿ ಸಬ್ ಲೆಫ್ಟಿನೆಂಟ್ ಅನಾಮಿಕಾ ಬಿ. ರಾಜೀವ್ ಅವರು ಇದೇ ರಾಜಾಳಿಯಲ್ಲಿ ತರಬೇತಿ ಮುಗಿಸಿ ನೌಕಾಪಡೆಯ ಮೊದಲ ಮಹಿಳಾ ಹೆಲಿಕಾಪ್ಟರ್ ಪೈಲಟ್ ಆದರು.

ಪ್ರಶ್ನೆ: ಬಿಇ ಅಂತಿಮ ವರ್ಷದಲ್ಲಿದ್ದೇನೆ. ನೌಕಾಪಡೆಯ ಪೈಲಟ್ ಆಗಲು ನನಗೆ ತಡವಾಯಿತೇ?
– ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಇಲ್ಲ. ಶಾರ್ಟ್ ಸರ್ವಿಸ್ ಕಮಿಷನ್‌ನ (ನಿಗದಿತ ವರ್ಷಗಳ ಅಧಿಕಾರಿ ಸೇವೆ) ಪೈಲಟ್ ಹುದ್ದೆಗಳಿಗೆ ಯಾವುದೇ ಶಾಖೆಯ ಎಂಜಿನಿಯರಿಂಗ್ ಪದವೀಧರರು ಅರ್ಜಿ ಸಲ್ಲಿಸಬಹುದು. ಶೇ 60 ಅಂಕಗಳಿರಬೇಕು, ಅವಿವಾಹಿತರಾಗಿರಬೇಕು. ಲಿಖಿತ ಪರೀಕ್ಷೆಯಿಲ್ಲದೆ, ಅಂಕಗಳ ಆಧಾರದಲ್ಲಿ ನೇರವಾಗಿ ಎಸ್‌ಎಸ್‌ಬಿಗೆ ಕರೆಯುತ್ತಾರೆ. ಆಯ್ಕೆಯಾದರೆ ಮೊದಲು ಏಳಿಮಲದಲ್ಲಿ ತರಬೇತಿ, ಬಳಿಕ ಹಾರಾಟದ ಕಲಿಕೆ. ವಯೋಮಿತಿ ಬಿಗಿಯಾಗಿರುವುದರಿಂದ ಮುಂದಿನ ಪ್ರಕಟಣೆ ಬಂದೊಡನೆ ನೌಕಾಪಡೆಯ ಅಧಿಕೃತ ಜಾಲತಾಣದಲ್ಲಿಯೇ ಅರ್ಜಿ ಸಲ್ಲಿಸಿ. ಮಧ್ಯವರ್ತಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.